ಗುತ್ತೂರಿನವನ ನಲ್ಲಿ

ಯೋಗರಾಜ ಕೆಟ್ಟವನಾಗಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಕದ್ದಿದ್ದರೆ ಕಳ್ಳ ಅನ್ನಬಹುದಿತ್ತು, ಸುಳ್ಳು ಹೇಳಿದ್ದರೆ ನಾಲ್ಕು ಜನರ ಮುಂದೆ ನಿಲ್ಲಿಸಿ ಕೇಳಬಹುದಿತ್ತು. ಅವನು ಎರಡನ್ನೂ ಮಾಡಲಿಲ್ಲ. ನಾನು ಮಾಡಿ ಹಂಚಿದ್ದನ್ನು ತೆಗೆದುಕೊಂಡ, ನನ್ನ ಹೆಸರು ಹೇಳಿದ, ನನಗಿಂತ ಚೆನ್ನಾಗಿ ಮಾಡಿದ. ಇದಕ್ಕೆ ಯಾವ ಬೈಗುಳವೂ ಇಲ್ಲ. ನಾನು ಹುಡುಕಿ ನೋಡಿದ್ದೇನೆ.

ನನ್ನ ಹೆಸರು ಬಕ್ಕೇಶಪ್ಪ. ಓದಿದ್ದು ಕುಕ್ಕುವಾಡದ ಶಾಲೆಯಲ್ಲಿ, ಅಲ್ಲಿಗೇ ಮುಗಿಯಿತು. ಆಮೇಲೆ ದಾವಣಗೆರೆಗೆ ಬಂದು ಮನೆಗಳ ವೈರಿಂಗ್ ಕೆಲಸ ಹಿಡಿದೆ. ಈಗ ಪಿ.ಜೆ. ಬಡಾವಣೆಯಲ್ಲಿ ಒಂದು ಹಳೆಯ ಮನೆ ಇದೆ. ಅವ್ವ, ಹೆಂಡತಿ, ನಾನು ಮೂವರೇ.

ನಮ್ಮ ಸಾಲಿಗೆ ನಲ್ಲಿ ನೀರು ವಾರಕ್ಕೊಮ್ಮೆ ಬಂದರೆ ಬಂತು. ಯಾವ ದಿನ, ಯಾವ ಹೊತ್ತು ಎಂದು ಯಾರೂ ಹೇಳಲಾರರು. ಬಂದಾಗ ಮೊದಲು ತುಕ್ಕಿನ ಕೆಂಪು ನೀರು ಬರುತ್ತದೆ. ಅದು ಹರಿದು ಹೋಗಿ ತಿಳಿಯಾದ ಮೇಲೆ ಸಂಪಿನ ವಾಲ್ವ್ ತಿರುಗಿಸಬೇಕು. ವಾಲ್ವ್ ತೆರೆದೇ ಇಟ್ಟರೆ ತುಕ್ಕೆಲ್ಲ ಸಂಪಿಗೆ ಇಳಿಯುತ್ತದೆ, ಮುಚ್ಚಿಟ್ಟು ಮರೆತರೆ ಮುಂದಿನ ಸರದಿಯವರೆಗೆ ಟ್ಯಾಂಕರಿನವನಿಗೆ ಕೈ ಮುಗಿಯಬೇಕು. ಅದಕ್ಕೇ ಮನೆಗೊಬ್ಬರು ನಲ್ಲಿ ಕಾಯುತ್ತಾರೆ. ನಮ್ಮ ಮನೆಯಲ್ಲಿ ಕಾಯುತ್ತಿದ್ದವಳು ಅವ್ವ ಕಸ್ತೂರಮ್ಮ. ಅವಳಿಗೆ ಇನ್ನೊಂದು ನೇಮವೂ ಇದೆ. ಲಿಂಗಪೂಜೆಯ ನೀರನ್ನು ಹರಿಯುವ ನಲ್ಲಿಯಿಂದಲೇ ಹಿಡಿಯಬೇಕು, ಸಂಪಿಗೆ ಇಳಿದ ನೀರು ಆಗದು. ವಾಲ್ವ್ ತೆರೆಯುವ ಮೊದಲು ತಾಮ್ರದ ಕೊಡ ತುಂಬಿಸಿ, ಬಟ್ಟೆ ಕಟ್ಟಿ, ದೇವರ ಕೋಣೆಯಲ್ಲಿಟ್ಟು ವಾರವೆಲ್ಲ ಬಳಸುತ್ತಾಳೆ.

ಅವ್ವನ ಮಂಡಿ ಹಿಡಿದುಕೊಂಡಿತು. ಅಂಗಳದಲ್ಲಿ ಕೂತು ಕಾಯಲು ಆಗದಾಯಿತು. ಆಗ ನಾನು ಈ ಕೆಲಸಕ್ಕೆ ಕೈ ಹಾಕಿದೆ.

ಹೋಮ್ ಅಸಿಸ್ಟೆಂಟ್ ಅಂತ ಒಂದು ತಂತ್ರಾಂಶವಿದೆ. ಮನೆಯ ದೀಪ, ಫ್ಯಾನು, ಪಂಪು ಎಲ್ಲವನ್ನೂ ಒಂದು ಹಳೆಯ ಕಂಪ್ಯೂಟರಿನಿಂದ ನಡೆಸಬಹುದು. ಅದನ್ನು ಎಲ್ಲೆಲ್ಲಿಯ ಜನರೋ ಸೇರಿ ಬರೆದು ಹಾಗೇ ಬಿಟ್ಟಿದ್ದಾರೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಒಳಗೆ ಕೈ ಹಾಕಿ ಬದಲಿಸಬಹುದು, ಬದಲಿಸಿದ್ದನ್ನು ಮತ್ತೆ ಹಂಚಬಹುದು. ನನಗೆ ಇಂಗ್ಲಿಷ್ ಬಾರದು. ಫೋನಿನಲ್ಲಿ ಕನ್ನಡಕ್ಕೆ ತಿರುಗಿಸಿಕೊಂಡು, ತಿಳಿಯದ ಕಡೆ ಬೈದುಕೊಂಡು, ಎರಡು ಬೋರ್ಡು ಸುಟ್ಟು ಕಲಿತೆ. ನಲ್ಲಿಯ ಪೈಪಿಗೆ ನೀರಿನ ಹರಿವು ತಿಳಿಸುವ ಸೆನ್ಸರ್ ಕೂರಿಸಿದೆ, ಸಂಪಿಗೆ ಕರೆಂಟಿನ ವಾಲ್ವ್ ಹಾಕಿದೆ. ನೀರು ಬಂದ ಕೂಡಲೇ ಹಜಾರದ ಸ್ಪೀಕರಿನಲ್ಲಿ ನನ್ನದೇ ದನಿ, ‘ನೀರು ಬಂತು, ಏಳ್ರಿ’ ಅನ್ನುತ್ತದೆ. ತುಕ್ಕು ಹೋಗುವಷ್ಟು ಹೊತ್ತು ಕಾಯುತ್ತದೆ. ಅವ್ವ ಎದ್ದು ಕೊಡ ತುಂಬಿಸುವಷ್ಟು ಹೊತ್ತು ಮತ್ತೆ ಕಾಯುತ್ತದೆ. ಆಮೇಲೆ ವಾಲ್ವ್ ತಾನೇ ತೆರೆಯುತ್ತದೆ. ಎರಡನೆಯ ಕಾಯುವಿಕೆಗೆ ಏನು ಹೆಸರಿಡಬೇಕೋ ತಿಳಿಯದೆ ‘ಅವ್ವನ ಕೊಡ’ ಎಂದು ಬರೆದಿದ್ದೆ.

ಹೆಂಡತಿ ಸರ್ವಮಂಗಳ ಮೊದಲ ದಿನ ಆ ದನಿ ಕೇಳಿ, ಪೊಲೀಸರು ಬಂದಂಗಾಗ್ತೈತ್ರಿ ಎಂದಳು. ಆದರೂ ಕೆಲಸ ನಡೆಯಿತು.

ನಮ್ಮ ಕಡೆ ಇಂಥ ಕೆಲಸ ಮಾಡುವವರದೊಂದು ವಾಟ್ಸ್ಯಾಪ್ ಗುಂಪಿದೆ. ನಡೆಸುವವನು ಹರಿಹರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಕೊಟ್ಟೂರೇಶ್. ಗುಂಪಿನಲ್ಲಿ ವೈರಿಂಗಿನ ಫೋಟೋ ಹಾಕಿದೆ, ಕಡತಗಳನ್ನೆಲ್ಲ ಇಂಥವನ್ನು ಹಂಚುವ ಜಾಲತಾಣ ಗಿಟ್‌ಹಬ್‌ನ ನನ್ನ ಪುಟದಲ್ಲಿಟ್ಟು ಬೇಕಾದವರು ತೆಗೆದುಕೊಳ್ಳಿ ಎಂದೆ. ಜನ ತೆಗೆದುಕೊಂಡರು. ಹೊನ್ನಾಳಿಯಿಂದ ಫೋನು, ಜಗಳೂರಿನಿಂದ ಫೋನು. ಮೂವತ್ತು ವರ್ಷ ಬೇರೆಯವರ ಗೋಡೆಯೊಳಗೆ ತಂತಿ ಎಳೆದಿದ್ದೇನೆ. ಪ್ಲಾಸ್ಟರ್ ಆದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಈಗ ಗುಂಪಿನಲ್ಲಿ ಅದಕ್ಕೆ ‘ಬಕ್ಕೇಶಣ್ಣನ ನಲ್ಲಿ’ ಎಂದೇ ಹೆಸರಾಯಿತು. ನನಗೆ ಎಷ್ಟು ಹಿತವಾಯಿತು ಅಂದರೆ, ಊಟಕ್ಕೆ ಕೂತಾಗಲೂ ಫೋನು ಎಡಗೈಯಲ್ಲಿರುತ್ತಿತ್ತು.

ಗುತ್ತೂರಿನ ಯೋಗರಾಜ ಹೀಗೇ ಫೋನು ಮಾಡಿದವರಲ್ಲಿ ಒಬ್ಬ. ಅಲ್ಲಿಯ ಕಾರ್ಖಾನೆಯೊಂದರಲ್ಲಿ ಯಂತ್ರ ನಡೆಸುವ ಕೆಲಸ, ಪಾಳಿ ಮುಗಿಸಿ ಬಂದು ಇದನ್ನು ಮಾಡುತ್ತಿದ್ದ. ಅಣ್ಣಾರೆ, ಅಣ್ಣಾರೆ ಎಂದು ಒಂದೊಂದನ್ನೂ ಕೇಳುತ್ತಿದ್ದ. ನಾನು ಏಣಿಯ ಮೇಲೆ ನಿಂತು ಹೇಳಿಕೊಟ್ಟಿದ್ದೂ ಇದೆ. ಕೇಳುವವನಿದ್ದಾನೆ ಎಂಬ ಖುಷಿ ನನಗೆ.

ಒಂದು ದಿನ ಅವನ ವಿಡಿಯೋ ಬಂತು. ಗುತ್ತೂರಿನ ಅವನ ಓಣಿ ಇಳಿಜಾರಿನಲ್ಲಿದೆ. ಮೇಲಿನ ಮನೆಗಳ ವಾಲ್ವ್ ತೆರೆದರೆ ನೀರೆಲ್ಲ ಅವರ ಸಂಪಿಗೇ ಇಳಿದು ತಗ್ಗಿನ ಕೊನೆ ಮನೆಗೆ ಹನಿಯೂ ಹೋಗುತ್ತಿರಲಿಲ್ಲವಂತೆ. ಇವನು ಕೊನೆ ಮನೆಯ ನಲ್ಲಿಗೂ ಒಂದು ಸೆನ್ಸರ್ ಕೂರಿಸಿ, ಮನೆಗಳನ್ನೆಲ್ಲ ಜೋಡಿಸಿದ್ದ. ಕೊನೆ ಮನೆಗೆ ನೀರು ಮುಟ್ಟಿದ ಸುದ್ದಿ ಬಂದ ಮೇಲೆಯೇ ಮೇಲಿನವರ ವಾಲ್ವ್ ತೆರೆಯುತ್ತದೆ. ನೀರು ಬಂದ ಸುದ್ದಿ ಹೇಳುವ ದನಿ ಅವನ ಹೆಂಡತಿ ಚೌಡೇಶ್ವರಿಯದು. ಮದುವೆ ಮನೆಯಲ್ಲಿ ಊಟಕ್ಕೆ ಕರೆಯುವ ಹಾಗಿದೆ, ‘ನೀರು ಬಂದಾವು, ಬರ್ರಿ’ ಅಂತ. ವಿಡಿಯೋದ ಮೊದಲಿಗೇ ಇದರ ಮೂಲ ದಾವಣಗೆರೆಯ ಬಕ್ಕೇಶಣ್ಣಾರದು, ನಾನು ಮಾಡಿದ್ದು ಬರೀ ತೇಪೆ ಎಂದು ಹೇಳಿದ್ದ. ಅದನ್ನು ಹೇಳದೇ ಇದ್ದಿದ್ದರೆ ನಾನು ಅವತ್ತೇ ಅವನ ಮೇಲೆ ಹಾರಿಬೀಳುತ್ತಿದ್ದೆ.

ವಾರ ಕಳೆಯುವುದರೊಳಗೆ ಹೆಸರು ಬದಲಾಯಿತು. ಹೊಸಬರು ‘ಯೋಗರಾಜನ ನಲ್ಲಿ’ ಹೆಂಗೆ ಹಾಕೋದು ಎಂದು ಕೇಳತೊಡಗಿದರು. ನನಗೆ ಬರುತ್ತಿದ್ದ ಫೋನುಗಳು ಅವನಿಗೆ ಹೋದವು. ಜಗಳೂರಿನವನು ತಪ್ಪಿ ನನಗೇ ಮಾಡಿ, ಸ್ವಲ್ಪ ಗುತ್ತೂರಿನವರ ನಂಬರ್ ಕೊಡ್ರಿ ಎಂದ. ಕೊಟ್ಟೆ. ಕೊಟ್ಟ ಮೇಲೆ ಚಹಾದ ಲೋಟವನ್ನು ಎಷ್ಟು ಜೋರಾಗಿ ಕುಕ್ಕಿದೆನೆಂದರೆ ಅದರ ಕಂಠ ಬಿರುಕುಬಿಟ್ಟಿತು.

ಯೋಗರಾಜ ತಾನು ಬದಲಿಸಿದ್ದನ್ನೆಲ್ಲ ಸೇರಿಸಿ ನನ್ನ ಪುಟಕ್ಕೇ ಕಳಿಸಿದ್ದ. ನಾನು ಒಪ್ಪಿಗೆ ಒತ್ತಿದರೆ ಎರಡೂ ಒಂದಾಗಿ ನನ್ನ ಪುಟದಲ್ಲೇ ಇರುತ್ತದೆ. ನಾನು ಒತ್ತಲಿಲ್ಲ. ಒತ್ತಿದರೆ ನನ್ನ ನಲ್ಲಿಯಲ್ಲಿ ಚೆಂದ ಇರುವುದೆಲ್ಲ ಅವನದಾಗುತ್ತದೆ, ಒತ್ತದಿದ್ದರೆ ಜನ ಅವನ ಪುಟಕ್ಕೆ ಹೋಗುತ್ತಾರೆ. ದಿನಾ ಬೆಳಿಗ್ಗೆ ಆ ಕೋರಿಕೆಯನ್ನು ತೆರೆದು, ನೋಡಿ, ಮುಚ್ಚುತ್ತಿದ್ದೆ.

ಅವನ ಕಡತವನ್ನು ಸಾಲುಸಾಲಾಗಿ ಓದುತ್ತಿದ್ದಾಗ ನನಗೊಂದು ಸಿಕ್ಕಿತು. ‘ಅವ್ವನ ಕೊಡ’ ಹಾಗೇ ಇತ್ತು. ಅದೇನು ಎಂದು ನನ್ನನ್ನು ಕೇಳಿರಲಿಲ್ಲ, ತೆಗೆದೂ ಇರಲಿಲ್ಲ. ಗುಂಪಿನಲ್ಲಿ ಹುಡುಕಿದೆ. ಮಲೆಬೆನ್ನೂರಿನವನೊಬ್ಬ, ನಮ್ಮಲ್ಲಿ ಅವ್ವನ ಕೊಡ ಮುಗಿದ ಮೇಲೂ ವಾಲ್ವ್ ತೆರೀತಿಲ್ಲ ಎಂದು ದೂರು ಬರೆದಿದ್ದ. ಇನ್ನೊಬ್ಬ, ಅವ್ವನ ಕೊಡವನ್ನು ಸ್ವಲ್ಪ ಕಡಿಮೆ ಮಾಡಿ ನೋಡಿ ಎಂದು ಉತ್ತರ ಕೊಟ್ಟಿದ್ದ. ಅದು ಯಂತ್ರದ ಒಂದು ಭಾಗದ ಹೆಸರು ಎಂದೇ ಎಲ್ಲರೂ ತಿಳಿದುಬಿಟ್ಟಿದ್ದರು. ನನ್ನ ಅವ್ವನ ಮಂಡಿನೋವು ಅಷ್ಟು ಊರುಗಳಲ್ಲಿ ವಾಲ್ವ್ ತಡೆದು ನಿಲ್ಲಿಸುತ್ತಿತ್ತು. ನಗು ಬರಬೇಕಾಗಿತ್ತು. ನನಗೆ ಬಂದದ್ದು ಬೇರೆ ಯೋಚನೆ: ಅರ್ಥ ತಿಳಿಯದೆ ನಕಲು ಮಾಡಿದ್ದಾನೆ, ಇದನ್ನು ಎಲ್ಲರ ಎದುರಿಗೆ ತೋರಿಸಬೇಕು.

ಆ ತಿಂಗಳು ಗುಂಪಿನ ಸಭೆ ಹರಿಹರದಲ್ಲಿತ್ತು, ಹೊಳೆಯ ದಾರಿಯ ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ. ಪೂಜಾ ಎಂಬ ಮೇಡಂ, ಕುಕ್ಕರ್ ಎಷ್ಟು ಸಲ ಕೂಗಿತು ಎಂದು ತಾನೇ ಎಣಿಸಿ ಗ್ಯಾಸ್ ಆರಿಸುವುದನ್ನು ಮಾಡಿ ತಂದಿದ್ದರು. ಒಬ್ಬ ದನದ ಕೊಟ್ಟಿಗೆಯ ಫ್ಯಾನು ತೋರಿಸಿದ. ಯೋಗರಾಜನ ಸರದಿ ಬಂತು. ಅವನನ್ನು ಎದುರಿಗೆ ನೋಡಿದ್ದು ಅದೇ ಮೊದಲು. ಎಣ್ಣೆಗಪ್ಪು ಹತ್ತಿದ ಉಗುರು, ತೆಳ್ಳನೆಯ ಆಳು. ನನ್ನನ್ನು ಕಂಡವನೇ ಬಂದು ಕಾಲು ಮುಟ್ಟಿದ. ಕಾಲು ಹಿಂದಕ್ಕೆ ಎಳೆದುಕೊಂಡೆ.

ಅವನು ಹೇಳಿ ಮುಗಿಸುವ ತನಕ ಕಾದು ಎದ್ದು ನಿಂತೆ.

“ಯೋಗರಾಜ, ನಿನ್ನ ಕಡತದಾಗ ಅವ್ವನ ಕೊಡ ಅಂತ ಒಂದು ಐತಲ್ಲ, ಅದು ಏನಂತ ಇಲ್ಲಿ ಎಲ್ಲರಿಗೂ ಹೇಳು.”

ಅವನು ತಡವರಿಸುತ್ತಾನೆ ಅಂದುಕೊಂಡಿದ್ದೆ. ತಡವರಿಸಲಿಲ್ಲ.

“ನನಗ ಗೊತ್ತಿಲ್ಲ ಅಣ್ಣಾರೆ. ನೀವು ಇಟ್ಟೀರಿ ಅಂದ್ಮ್ಯಾಲೆ ಕಾರಣ ಇದ್ದೇ ಇರ್ತೈತೆ ಅಂತ ಮುಟ್ಟಲಿಲ್ಲ. ಆ ಹೊತ್ನಾಗ ಎಲ್ಲರ ವಾಲ್ವೂ ಮುಚ್ಚಿರ್ತಾವಲ್ರಿ, ನಮ್ಮ ಓಣಿ ಕೊನಿ ಮನಿ ತಿಮ್ಮವ್ವಗ ಎರಡು ಕೊಡ ನೀರು ಸಿಕ್ಕವು. ವರ್ಸಾನುಗಟ್ಲೆ ಆಕಿ ನಲ್ಲಿಗೆ ಬಂದಿರಲಿಲ್ಲ. ಅದನ್ನ ನೋಡೇ ನನಗ ಕೊನಿ ಮನಿ ವಿಚಾರ ಹೊಳದಿದ್ದು.”

ಜನ ನನ್ನ ಕಡೆ ತಿರುಗಿದರು. ಏನು ಎಂದು ಹೇಳಲೇಬೇಕಾಯಿತು. ಲಿಂಗಪೂಜೆಯ ನೀರು, ಅವ್ವನ ಮಂಡಿ, ಎಲ್ಲ ಹೇಳಿದೆ. ಹಾಲಿನಲ್ಲಿ ನಗುವೆದ್ದಿತು, ಚಪ್ಪಾಳೆಯೂ ಬಂತು. ನನ್ನನ್ನು ಹೊಗಳಿಯೇ ತಟ್ಟಿದ್ದು ನಿಜ. ಆದರೆ ನನಗೆ ಒಳಗೆ ಬೆಂಕಿ ಬಿದ್ದಿತ್ತು. ಆ ಕಾಯುವ ಹೊತ್ತು ಇದ್ದದ್ದು ನನ್ನ ಮನೆಯಲ್ಲಿ, ಬರೆದದ್ದು ನನ್ನ ಕೈ. ಎಲ್ಲ ವಾಲ್ವ್ ಮುಚ್ಚಿದ್ದರೆ ತಗ್ಗಿನ ಮನೆಗೆ ನೀರು ಹೋಗುತ್ತದೆ ಎಂದು ನಾನು ಒಂದು ದಿನವೂ ನೋಡಿರಲಿಲ್ಲ. ನಮ್ಮ ಸಾಲಿನಲ್ಲೂ ತಗ್ಗಿನ ಮನೆ ಇದೆ, ಬಸವಣ್ಣೆಮ್ಮನ ಮನೆ. ಗುತ್ತೂರಿನಲ್ಲಿ ಕೂತವನು ನೋಡಿದ.

ಊಟದ ಹೊತ್ತಿಗೆ ಕೊಟ್ಟೂರೇಶ್ ನನ್ನ ಪಕ್ಕ ಬಂದು ಕೂತ. ಎರಡು ನಲ್ಲಿ ಇದ್ದರೆ ಹೊಸಬರಿಗೆ ಗೊಂದಲ, ಯೋಗರಾಜ ಕಳಿಸಿದ್ದಕ್ಕೆ ಒಪ್ಪಿಗೆ ಒತ್ತಿಬಿಡಿ, ಇಲ್ಲವಾದರೆ ಮುಂದಿನ ತಿಂಗಳಿನಿಂದ ಎಲ್ಲರನ್ನೂ ಗುತ್ತೂರಿನ ಪುಟಕ್ಕೇ ಕಳಿಸಬೇಕಾಗುತ್ತದೆ ಎಂದ. ನನ್ನ ನಲ್ಲಿ ನನ್ನ ಹೆಸರಿನಲ್ಲಿ ಉಳಿಯುವುದೋ ಇಲ್ಲವೋ ಅನ್ನುವುದಕ್ಕೆ ಒಂದು ತಿಂಗಳು ಗಡುವು. ನೋಡ್ತೀನಿ ಎಂದು ಎಲೆ ಮಡಚಿ ಎದ್ದೆ.

ಅದಾದ ಮೂರನೆಯ ದಿನ ಮಧ್ಯಾಹ್ನ ಊಟ ಮಾಡುತ್ತಿದ್ದೆ. ಹಜಾರದ ಸ್ಪೀಕರ್ ಮಾತಾಡಿತು. ‘ನೀರು ಬಂದಾವು, ಬರ್ರಿ.’

ಚೌಡೇಶ್ವರಿಯ ದನಿ, ನನ್ನ ಮನೆಯಲ್ಲಿ. ಅವ್ವ ಒಳಗಿನಿಂದ ಬಂದಳು, ಆ ದನಿಗೆ ಬಂದೆನವ್ವ ಎಂದು ಉತ್ತರ ಕೊಡುತ್ತಾ ಕೊಡ ಎತ್ತಿಕೊಂಡು ಹೋದಳು.

ಸರ್ವಮಂಗಳನನ್ನು ಕೇಳಿದೆ. ಅವಳು ಮುಚ್ಚುಮರೆ ಮಾಡಲಿಲ್ಲ. ನಾನು ವಿದ್ಯಾನಗರದ ಕೆಲಸಕ್ಕೆ ಹೋಗಿದ್ದ ದಿನ ಯೋಗರಾಜನಿಗೆ ಫೋನು ಮಾಡಿದ್ದಳು. ಅವನು ರಜೆ ಹಾಕಿ ಬಂದು, ಬಸವಣ್ಣೆಮ್ಮನ ನಲ್ಲಿಗೂ ನಮ್ಮ ನಲ್ಲಿಗೂ ಜೋಡಿಸಿಕೊಟ್ಟು ಹೋಗಿದ್ದ. ಅಣ್ಣಾರಿಗೆ ಹೇಳೀರೇನ್ರಿ ಎಂದು ಅವನು ಕೇಳಿದ್ದಕ್ಕೆ, ಹೇಳೀನಿ ಎಂದು ಸುಳ್ಳು ಹೇಳಿದ್ದಳು. ಊಟಕ್ಕೆ ಕರೆದರೂ ಕೂರದೆ ಮಜ್ಜಿಗೆ ಕುಡಿದು ಹೋದನಂತೆ. ಅವ್ವ ಅವನ ತಲೆಯ ಮೇಲೆ ಕೈಯಿಟ್ಟು ಹರಸಿದಳಂತೆ. ಅದನ್ನು ಕೇಳಿ ನಾನು ತಾಟು ಸರಿಸಿದೆ.

“ನನ್ನ ಮನಿಯಾಗ, ನನ್ನ ಕಂಪ್ಯೂಟರಿನ್ಯಾಗ, ಅವನು ಕೈ ಹಾಕಬೇಕಿತ್ತೇನು? ನನಗ ಹೇಳಿದ್ರೆ ನಾನು ಮಾಡ್ತಿರಲಿಲ್ಲ?”

“ಮಾಡ್ತಿರಲಿಲ್ರಿ” ಎಂದಳು. “ಬಸವಣ್ಣೆಮ್ಮ ಎಷ್ಟು ವರ್ಷದಿಂದ ಕೊಡ ಹಿಡ್ಕೊಂಡು ನಮ್ಮ ಬಾಗಿಲಿಗೆ ಬರ್ತಾಳ? ನೀವು ನೀರು ಕೊಡ್ತಿದ್ರಿ, ನಿಜ. ಕೊಡ್ತೀನಿ ಅನ್ನೋದು ನಿಮಗೆ ಬೇಕಾಗಿತ್ತು. ಆಕಿ ನಲ್ಲಿಗೇ ನೀರು ಬಂದ್ರೆ ನಿಮ್ಮ ಹತ್ರ ಯಾರು ಕೇಳ್ತಾರ?”

ಬಾಯಿ ತೆರೆದರೆ ಕೆಟ್ಟದ್ದೇ ಹೊರಡುತ್ತಿತ್ತು. ಬೈಕ್ ತೆಗೆದುಕೊಂಡು ಹೋದೆ. ಸಂಜೆ ಬಂದು ಅವನು ಹಾಕಿದ್ದನ್ನೆಲ್ಲ ಕಿತ್ತುಹಾಕಬೇಕು ಎಂದು ಕಂಪ್ಯೂಟರ್ ಮುಂದೆ ಕೂತೆ. ಅವ್ವ ಬಂದು ನಿಂತಳು. ಬಕ್ಕೇಶಿ, ಆ ಹುಡುಗಿ ಚೆಂದ ಕರೀತಾಳ, ಇರಲಿ ಬಿಡು ಎಂದಳು. ಬಿಟ್ಟೆ. ದಿನಾ ಕೇಳಬೇಕಾಗಿಲ್ಲವಲ್ಲ, ವಾರಕ್ಕೊಂದು ಸಲ.

ಮುಂದಿನ ಸಲ ನೀರು ಬಂದದ್ದು ಅಮಾವಾಸ್ಯೆಯ ದಿನ. ಬಸವಣ್ಣೆಮ್ಮ ಮಕ್ಕಳನ್ನು ಕರೆದುಕೊಂಡು ಮನೆದೇವರಿಗೆ ಹೋಗಿದ್ದಳು. ನಮ್ಮ ಕಡೆ ಮನೆಗೆ ಬೀಗ ಹಾಕಿ ಹೊರಡುವಾಗ ಮೂರು ಕೆಲಸ ಮಾಡುತ್ತಾರೆ: ಗ್ಯಾಸ್ ಬಂದ್ ಮಾಡುತ್ತಾರೆ, ದೇವರಿಗೆ ದೀಪ ಹಚ್ಚುತ್ತಾರೆ, ಮೀಟರಿನ ಹತ್ತಿರದ ಮೇನ್ ಸ್ವಿಚ್ ಕೆಳಗಿಳಿಸುತ್ತಾರೆ. ಬಸವಣ್ಣೆಮ್ಮನೂ ಇಳಿಸಿದ್ದಳು. ಅವಳ ನಲ್ಲಿಯ ಸೆನ್ಸರಿಗೆ ಕರೆಂಟಿಲ್ಲ. ಕೊನೆ ಮನೆಗೆ ನೀರು ಮುಟ್ಟಿತು ಎಂದು ಹೇಳುವವರಿಲ್ಲ. ಯೋಗರಾಜನ ನಲ್ಲಿ ಕಾಯಿತು, ಕಾಯಿತು, ಕಾಯುತ್ತಲೇ ಇತ್ತು. ನಾವು ಮೂವರೂ ಅವತ್ತು ನೆಂಟರ ಮನೆಯ ಪೂಜೆಗೆ ಹೋಗಿದ್ದೆವು. ಬಂದು ನೋಡಿದರೆ ನೀರು ಬಂದು ಹೋಗಿದೆ, ವಾಲ್ವ್ ತೆರೆದೇ ಇಲ್ಲ, ಸಂಪಿನ ತಳ ಕಾಣುತ್ತಿದೆ.

ಸರ್ವಮಂಗಳ ಸಂಪಿನೊಳಗೆ ಬಗ್ಗಿ ನೋಡಿ ತಲೆಗೆ ಕೈ ಹಚ್ಚಿದಳು. ನನಗೆ ಕುಣಿಯಬೇಕು ಅನ್ನಿಸಿತು. ಒಂದು ವಾರ ಸ್ನಾನಕ್ಕೆ ಅರ್ಧ ಬಕೆಟ್, ಟ್ಯಾಂಕರಿನವನಿಗೆ ಫೋನಿನ ಮೇಲೆ ಫೋನು, ಯಾವುದೂ ನನ್ನ ಖುಷಿ ಕೆಡಿಸಲಿಲ್ಲ. ಯೋಗರಾಜನ ನಲ್ಲಿಯಲ್ಲಿ ಹುಳುಕಿದೆ. ಕಾರ್ಖಾನೆಯ ಯಂತ್ರ ನಡೆಸುವವನಿಗೆ ಎಂದೂ ಕರೆಂಟ್ ಆರದ ಯಂತ್ರ ಗೊತ್ತು. ಅಮಾವಾಸ್ಯೆಗೆ ಮೇನ್ ಇಳಿಸಿ ಹೋಗುವ ಮನೆಗಳು ನನಗೆ ಗೊತ್ತು.

ಗುಂಪಿನಲ್ಲಿ ಬರೆದುಬಿಡಬಹುದಿತ್ತು. ಬರೆಯಲಿಲ್ಲ. ಆ ಭಾನುವಾರ ಗುತ್ತೂರಿನಲ್ಲಿ ಅವನ ಓಣಿಯ ಎಲ್ಲ ಮನೆಗಳಿಗೂ ಹಾಕಿದ್ದನ್ನು ನೀರು ಬರುವ ಹೊತ್ತಿಗೆ ಜನರಿಗೆ ತೋರಿಸುತ್ತಾನೆ ಎಂದು ಗೊತ್ತಿತ್ತು. ಅಲ್ಲಿ ಭಾನುವಾರ ಬೆಳಿಗ್ಗೆ ತಪ್ಪದೆ ನೀರು ಬಿಡುತ್ತಾರಂತೆ. ಗುಂಪಿಗೆಲ್ಲ ಬರ್ರಿ ಎಂದು ಕರೆದಿದ್ದ. ಅಲ್ಲಿಯೇ, ಎಲ್ಲರ ಕಣ್ಣೆದುರಿಗೆ ತೋರಿಸಬೇಕು ಎಂದು ಹೊರಟೆ.

ಸಣ್ಣ ಓಣಿ. ಹೆಂಗಸರು ಕಟ್ಟೆಯ ಮೇಲೆ ಕೂತಿದ್ದರು, ಕೊಟ್ಟೂರೇಶನೂ ಬಂದಿದ್ದ. ಯೋಗರಾಜ ನನ್ನನ್ನು ಕಂಡು ಕುರ್ಚಿ ತಂದು ಹಾಕಿದ. ಚೌಡೇಶ್ವರಿ ಚಹಾ ಕೊಟ್ಟಳು. ಬಾಯಿ ಬಿಟ್ಟರೆ ಅದೇ ದನಿ. ನಾನು ಕುಡಿದು ಕೆಳಗಿನ ಕೊನೆ ಮನೆಗೆ ನಡೆದೆ. ತಿಮ್ಮವ್ವ ಬಾಗಿಲಲ್ಲೇ ಇದ್ದಳು, ವಯಸ್ಸಾದ ಹೆಂಗಸು. ನಿನ್ನ ಮನೆ ಮೇನ್ ಸ್ವಿಚ್ ಸ್ವಲ್ಪ ಹೊತ್ತು ಇಳಿಸಲೇನವ್ವ ಎಂದು ಕೇಳಿದೆ. ಯಾಕ ಎಂದಳು. ಒಂದು ಪರೀಕ್ಷೆ ಎಂದೆ. ನೀನು ದಾವಣಗೆರಿಯವನೇನಪ್ಪ, ಯೋಗನ ಗುರು, ಮಾಡು ಎಂದಳು. ಇಳಿಸಿದೆ.

ನೀರು ಬಂತು. ಮನೆಮನೆಯಿಂದ ಚೌಡೇಶ್ವರಿಯ ದನಿ ಕರೆಯಿತು. ತುಕ್ಕು ಹೋಯಿತು, ಅವ್ವನ ಕೊಡ ಮುಗಿಯಿತು, ಒಂದು ವಾಲ್ವೂ ತೆರೆಯಲಿಲ್ಲ. ಹೆಂಗಸರು ಸಂಪು ಇಣುಕಿ ನೋಡಿ ಗುಸುಗುಸು ಶುರು ಮಾಡಿದರು. ಯೋಗರಾಜ ಫೋನು ನೋಡಿದ, ಲ್ಯಾಪ್‌ಟಾಪ್ ತೆರೆದ, ಬೆವರಿದ. ನಾನು ಮತ್ತೆ ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ. ಎಷ್ಟು ದಿನ ಕಾದಿದ್ದೆನೋ, ಅಷ್ಟೂ ದಿನದ್ದು ಅವತ್ತು ಸಿಕ್ಕಿತು.

ಸ್ವಲ್ಪ ಹೊತ್ತಿನ ಮೇಲೆ ಎದ್ದು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

“ತಿಮ್ಮವ್ವನ ಮನಿ ಮೇನ್ ನಾನು ಇಳಿಸೀನಿ. ನಾಳೆ ಆಕಿ ಊರಿಗೆ ಹೋಗುವಾಗ ಇಳಿಸಿದ್ರೂ ಇದೇ ಗತಿ, ಓಣಿಗೆಲ್ಲ ನೀರಿಲ್ಲ. ನಮ್ಮ ಮನಿಯಾಗ ಹಿಂಗೇ ಆಗೈತೆ. ಕರೆಂಟೇ ಇಲ್ಲದ ಮನಿ ಹೆಂಗೆ ಸುದ್ದಿ ಹೇಳ್ತೈತೆ ಅಂತ ಒಂದು ಸಲನಾದ್ರೂ ಯೋಚನೆ ಮಾಡಿಯೇನು?”

ಯೋಗರಾಜ ನನ್ನನ್ನೇ ನೋಡಿದ. ಮುಖ ಕೆಂಪಾಗುತ್ತದೆ, ಜಗಳಕ್ಕೆ ಬರುತ್ತಾನೆ, ಆಮೇಲೆ ನನಗೂ ಬೈಯಲು ದಾರಿ ಆಗುತ್ತದೆ ಅಂದುಕೊಂಡೆ. ಅವನು ಲ್ಯಾಪ್‌ಟಾಪ್ ಎತ್ತಿಕೊಂಡು ಬಂದು ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ.

“ಇಲ್ರಿ ಅಣ್ಣಾರೆ, ಹೊಳೀಲಿಲ್ಲ. ಸರಿಯಾದ ಟೈಮಿಗೆ ಬಂದ್ರಿ. ಈಗ ಏನು ಮಾಡೋಣ?”

ನೀನೇ ಮಾಡು ಎಂದೆ. ಅವನು ಬರೆಯತೊಡಗಿದ. ಸುದ್ದಿ ಬಾರದಿದ್ದರೆ ಸ್ವಲ್ಪ ಹೊತ್ತು ನೋಡಿ ಎಲ್ಲ ವಾಲ್ವ್ ತೆರೆದುಬಿಡುವ ಹಾಗೆ ಮಾಡುತ್ತಿದ್ದ. ಎಂಥ ದಡ್ಡತನ. ತಿಮ್ಮವ್ವ ಮನೆಯಲ್ಲೇ ಇದ್ದು ಫ್ಯೂಸ್ ಹೋಗಿದ್ದರೆ ಮತ್ತೆ ಅವಳಿಗೆ ಹನಿ ನೀರಿಲ್ಲ. ಅವನು ಬರೆಯುವುದನ್ನು ನೋಡುತ್ತಾ ನನ್ನ ಬೆರಳು ತುರಿಸತೊಡಗಿದವು. ತಪ್ಪು ವೈರಿಂಗ್ ಕಣ್ಣೆದುರು ನಡೆದರೆ ನನಗೆ ಕೂತಿರಲು ಆಗುವುದಿಲ್ಲ. ಸರಿ ಅತ್ತ ಎಂದು ಲ್ಯಾಪ್‌ಟಾಪ್ ಕಿತ್ತುಕೊಂಡೆ. ಕೊನೆ ಮನೆ ಉಸಿರೇ ಬಿಡದಿದ್ದರೆ ಅದರ ಮೇಲಿನ ಮನೆಯನ್ನು ಕೊನೆ ಮನೆ ಎಂದು ಹಿಡಿ, ಅದಕ್ಕೆ ನೀರು ಮುಟ್ಟಿ, ಅದರ ಸಂಪು ತುಂಬಿದ ಮೇಲೆ ಒಂದೊಂದಾಗಿ ಮೇಲಕ್ಕೆ ಬಾ, ಒಟ್ಟಿಗೆ ತೆರೆಯಬೇಡ, ಒಂದೇ ವಾಲ್ವ್ ತೆರೆದಿದ್ದರೆ ತಗ್ಗಿಗೂ ನೀರು ಇಳಿಯುತ್ತದೆ. ಕೆಳಗಿನವರ ಫೋನಿಗೂ ಒಂದು ಮಾತು ತಿಳಿಸು. ಹೀಗೆ ಬರೆದೆ. ಅವನು ಪಕ್ಕದಲ್ಲಿ ಕೂತು ಅಲ್ಲಲ್ಲಿ ಒಂದು ಕಾಗುಣಿತ, ಒಂದು ಚುಕ್ಕೆ ತಿದ್ದಿಕೊಟ್ಟ. ತಿಮ್ಮವ್ವ ಮೇಲೆ ಬಂದು ನಿಂತು, ನೀರು ನಿಲ್ಲೋದ್ರಾಗ ಮುಗಿಸ್ರೋ, ಇಬ್ರೂ ಗಂಡಸರು ಕುಟ್ಟೋದೇ ಆತು ಎಂದಳು. ಚೌಡೇಶ್ವರಿ ನಕ್ಕಳು.

ವಾಲ್ವ್‌ಗಳು ತಗ್ಗಿನಿಂದ ಮೇಲಕ್ಕೆ ಒಂದೊಂದಾಗಿ ತೆರೆದವು. ಸಂಪುಗಳಿಗೆ ನೀರು ಬೀಳುವ ಸದ್ದು ಓಣಿಯುದ್ದಕ್ಕೂ ಕೇಳಿತು. ಜನ ದಾವಣಗೆರಿ ಅಣ್ಣಾರು, ದಾವಣಗೆರಿ ಅಣ್ಣಾರು ಎಂದರು. ಸೋಲಿಸಲು ಹೋದವನು ಅವನ ನಲ್ಲಿಯನ್ನು ರಿಪೇರಿ ಮಾಡಿ ಕೂತಿದ್ದೆ. ಅದು ಹೊಳೆದದ್ದು ಆಗಲೇ.

ಯೋಗರಾಜನ ಮನೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗೆ ಕೂತಾಗ, ಈಗಲಾದರೂ ಒಂದು ತೀರ್ಮಾನ ಆಗಲಿ ಎಂದು ಕೊಟ್ಟೂರೇಶ್ ಮಾತೆತ್ತಿದ. ಯಾರ ಪುಟದಲ್ಲಿ ಇಡುವುದು ಎಂದ. ಯೋಗರಾಜ ನನ್ನ ಮುಖ ನೋಡಿದ. ಬೇರೆ ಯಾರಾದರೂ ಆಗಿದ್ದರೆ, ನಿನ್ನ ಹೆಸರಿನಲ್ಲೇ ಇರಲಿ ತಮ್ಮಾ, ನೀನು ಹೆಚ್ಚು ಮಾಡಿದ್ದೀ ಅನ್ನುತ್ತಿದ್ದರು. ನನಗೂ ನಾಲಿಗೆಯ ತುದಿಗೆ ಬಂದಿತ್ತು. ಬಂದದ್ದು ಹಾಗೇ ಹಿಂದಕ್ಕೆ ಹೋಯಿತು.

“ನನ್ನ ಪುಟದಾಗ ಇರ್ಲಿ” ಎಂದೆ. “ನಿಂದು ತಗದುಬಿಡು.”

ಚೌಡೇಶ್ವರಿ ಕಡಾಯಿಯಿಂದ ಮೆಣಸಿನಕಾಯಿ ಎತ್ತುತ್ತಿದ್ದವಳು ಕೈ ನಿಲ್ಲಿಸಿದಳು.

“ಅಲ್ಲರಿ, ಪಾಳಿ ಮುಗಿಸಿ ಬಂದು ನಿದ್ದಿಗೆಟ್ಟು ಮಾಡಿದ್ದು” ಎಂದಳು ಗಂಡನಿಗೆ.

ಯೋಗರಾಜ ಮಂಡಕ್ಕಿ ತಿನ್ನುತ್ತಿದ್ದ. ಅಂಗೈಯನ್ನು ಲುಂಗಿಗೆ ಒರೆಸಿಕೊಂಡು, ಫೋನು ತೆಗೆದು, ಅಲ್ಲೇ, ನನ್ನ ಕಣ್ಣೆದುರಿಗೇ ತನ್ನ ಪುಟ ಮುಚ್ಚಿದ. ಇನ್ನು ಮುಂದೆ ಎಲ್ಲರೂ ಬಕ್ಕೇಶಣ್ಣಾರ ಪುಟದಿಂದಲೇ ತೆಗೆದುಕೊಳ್ಳಿ ಎಂದು ಗುಂಪಿನಲ್ಲಿ ಒಂದು ಸಾಲು ಬರೆದ. “ಎಲ್ಲಿದ್ರೇನು, ಕೆಲ್ಸ ಮಾಡ್ತೈತಲ್ಲ” ಎಂದು ಹೆಂಡತಿಗೆ ಹೇಳಿ ಮತ್ತೆ ಮಂಡಕ್ಕಿಗೆ ಕೈ ಹಾಕಿದ. ನಾನು ನನ್ನ ಫೋನಿನಲ್ಲಿ ಒಪ್ಪಿಗೆ ಒತ್ತಿದೆ. ವಾರಗಟ್ಟಲೆ ನುಂಗಲಾಗದೆ ಇಟ್ಟುಕೊಂಡಿದ್ದ ಕೆಲಸ, ಒಂದು ಬೆರಳಿನಲ್ಲಿ ಮುಗಿಯಿತು. ನಲ್ಲಿ ನನ್ನದಾಯಿತು.

ಅವನ ಮುಖವನ್ನೇ ನೋಡಿದೆ. ಒಂದು ಸಲ ಸಣ್ಣಗಾಗಲಿ, ಒಂದು ಸಲ ಕಣ್ಣು ತಪ್ಪಿಸಲಿ, ನನಗೆ ಅಷ್ಟೇ ಸಾಕಿತ್ತು. ಅವನು ಖಾರ ಜಾಸ್ತಿ ಆಯಿತೆಂದು ನೀರು ಕೇಳಿದ.

ಹೊರಡುವಾಗ ಹೆದ್ದಾರಿಯ ತನಕ ನನ್ನ ಬೈಕಿನ ಹಿಂದೆ ತನ್ನ ಗಾಡಿಯಲ್ಲಿ ಬಂದ. ಗುಂಪಿನಲ್ಲಿ ಬಕ್ಕೇಶಣ್ಣನ ನಲ್ಲಿ, ಬಕ್ಕೇಶಣ್ಣನ ನಲ್ಲಿ ಎಂದು ಮೆಸೇಜುಗಳು ಬರುತ್ತಿದ್ದವು, ಜೇಬಿನಲ್ಲಿ ಫೋನು ನಡುಗುತ್ತಲೇ ಇತ್ತು. ತೆಗೆದು ನೋಡಲಿಲ್ಲ. ನಾನು ಅವನ ಜಾಗದಲ್ಲಿದ್ದಿದ್ದರೆ ಹಾಗೆ ಬಿಟ್ಟುಕೊಡಲು ನನ್ನಿಂದ ಆಗುತ್ತಿರಲಿಲ್ಲ. ಅತ್ತು ಕೊಡುತ್ತಿದ್ದೆ, ಇಲ್ಲವೇ ಬೈದು ಕೊಡುತ್ತಿದ್ದೆ. ಅವನು ಮಂಡಕ್ಕಿ ತಿನ್ನುತ್ತಾ ಕೊಟ್ಟ. ಇಷ್ಟು ದಿನ 'ಕೊನೆ ಮನೆ'ಯ ವಿಚಾರ ಅವನಿಗೆ ಹೊಳೆದಿತ್ತಲ್ಲ ಎಂದು ಹೊಟ್ಟೆ ಉರಿದಿತ್ತು. ಅದಾದರೂ ಕೂತು ತಲೆ ಕೆಡಿಸಿಕೊಂಡರೆ ನನಗೂ ಎಂದೋ ಹೊಳೆಯುತ್ತಿತ್ತು. ಹೀಗೆ ಕೊಡುವುದನ್ನು ಎಲ್ಲಿಂದ ಇಳಿಸಿಕೊಳ್ಳಲಿ?

ತಿರುವಿನಲ್ಲಿ ಅವನು ಗಾಡಿ ನಿಲ್ಲಿಸಿ ಕೈ ಎತ್ತಿದ, ಹುಷಾರಾಗಿ ಹೋಗ್ರಿ ಅಣ್ಣಾರೆ ಎಂದ. ನಾನು ಕೈ ಎತ್ತಲಿಲ್ಲ. ಲಾರಿಯೊಂದು ಎದುರಿಗೆ ಬರುತ್ತಿತ್ತು, ಎರಡೂ ಕೈ ಹ್ಯಾಂಡಲಿನ ಮೇಲೆ ಬೇಕಾಗಿದ್ದವು ಎಂದು ಅವನು ತಿಳಿದುಕೊಂಡಿರಬೇಕು. ಅವನು ಹಾಗೇ ತಿಳಿದುಕೊಳ್ಳುತ್ತಾನೆ.